ಹೊಂಬಾಳೆಯ ಇಪ್ಪತ್ತೊಂದು ಚಿತ್ರಗಳು

ನಿನ್ನೆ ಗೃಹಪ್ರವೇಶವೊಂದರಲ್ಲಿ ಕಳಶದ ಪಕ್ಕ ಇಟ್ಟಿದ್ದ ಹಸಿ ಹೊಂಬಾಳೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಶೆಟ್ಟಿಕೆರೆಯ ನಮ್ಮ ಹಿತ್ತಿಲಿನ ಒಂದು ಮಧ್ಯಾಹ್ನ ನೆನಪಾಯಿತು.

ನಾನಾಗ ನಾಲ್ಕನೇ ಕ್ಲಾಸು. ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಚಿಕ್ಕಪ್ಪನ ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು, ಬಟ್ಟೆ ಒಗೆಯುವ ಕಲ್ಲು ಹತ್ತಿ, ಗಿಡ್ಡ ತೆಂಗಿನ ಮರದ ಒಂದೇ ಹೊಂಬಾಳೆಯ ಚಿತ್ರ ತೆಗೆಯುತ್ತಿದ್ದೆ. ಕೈ ನಡುಗಿ ಮಸುಕಾದರೆ ಅಲ್ಲೇ ನೋಡಿ ಅಳಿಸಿ, ಉಸಿರು ಬಿಗಿಹಿಡಿದು ಮತ್ತೆ ತೆಗೆಯುತ್ತಿದ್ದೆ.

ಆ ಭಾನುವಾರ ಚಿಕ್ಕಪ್ಪ ಸ್ನೇಹಿತನ ಮದುವೆಗೆ ಹೊರಟಿದ್ದರು. ಕ್ಯಾಮೆರಾದಲ್ಲಿ ಜಾಗವೇ ಉಳಿದಿರಲಿಲ್ಲ.

“ಇಪ್ಪತ್ತೊಂದು ಫೋಟೊ, ಎಲ್ಲಾ ಅದೇ ಹೊಂಬಾಳೆ! ಅಳಿಸ್ತೀನಿ ಕಣೇ,” ಎಂದರು.

ನಾನು ಅವರ ತೋಳು ಹಿಡಿದುಕೊಂಡೆ. “ಒಂದೇ ಒಂದ್ಸಲ ಬೇಗ ಬೇಗ ಒತ್ತಿ ನೋಡಿ, ಚಿಕ್ಕಪ್ಪ.”

ಅಜ್ಜಿಯೂ ಬಗ್ಗಿ ನೋಡಿದರು. ಚಿಕ್ಕಪ್ಪ ಗುಂಡಿ ಒತ್ತುತ್ತಾ ಹೋದಂತೆ ಹಸಿರು ಕವಚ ಸೀಳಿತು, ಕೆನೆಬಣ್ಣದ ಎಳೆಗಳು ಬಿಚ್ಚಿಕೊಂಡವು, ಬುಡದಲ್ಲಿ ಮುಂದೆ ಕಾಯಿಯಾಗುವ ಹರಳುಗಳು ಗುಂಡಗೆ ಇಣುಕಿದವು.

“ಅಯ್ಯೋ, ಅಳ್ಳಾಡ್ತೈತೆ!” ಅಜ್ಜಿ ಕೆನ್ನೆ ಮೇಲೆ ಕೈಯಿಟ್ಟುಕೊಂಡರು. “ಮದುವೆಯಾಗಿ ಬಂದಾಗ್ನಿಂದ ತೋಟದಾಗೇ ನನ್ನ ಬಾಳ್ವೆ. ಇದು ಹಿಂಗೆ ಬಿಚ್ಕೊಳೋದ ಕಂಡೇ ಇರ್ಲಿಲ್ಲ. ಇನ್ನೊಂದ್ಸಲ ಒತ್ಲಾ!”

“ಜಾಗ ಬೇಕಲ್ಲವ್ವ?”

“ನಿನ್ನ ಮೋರೆ ಅಳಿಸು. ಅದನ್ನ ದಿನಾ ನೋಡ್ತೀವಿ, ಬುಡು!”

ಬೈಕಿಗೆ ಒರಗಿ ತೆಗೆಸಿಕೊಂಡಿದ್ದ ತಮ್ಮ ಫೋಟೊಗಳನ್ನು ಚಿಕ್ಕಪ್ಪ ನಗುತ್ತಾ ಒಂದೊಂದಾಗಿ ಅಳಿಸಿದರು. ಅಷ್ಟರಲ್ಲಿ ಅಜ್ಜಿ ಬೇಲಿಯ ಬಳಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: “ಬನ್ರೇ ಎಲ್ಲಾರೂ! ನನ್ನ ಮೊಮ್ಮಗಳು ಹೊಂಬಾಳೆ ಅರಳ್ಸವ್ಳೆ!”