ಸ್ಟೋರಿನ ಏಣಿ

“ಅಕ್ಷರ ದೊಡ್ಡದು ಮಾಡ್ರಿ. ಏಣಿ ಮ್ಯಾಲ ನಿಂತ್ರ ಒಂದೂ ಕಾಣಂಗಿಲ್ಲ!” ಸ್ಟೋರ್‌ಕೀಪರ್ ರೇವಣಪ್ಪ, ಕಪಾಟುಗಳಿಂದ ತೆಗೆಯಬೇಕಾದ ಸಾಮಾನುಗಳ ಕಂಪ್ಯೂಟರ್ ಪಟ್ಟಿಯನ್ನು ಮೇಜಿಗೆ ಬಡಿದರು. ನಾಸಿಕದ ಆ ಕಾರ್ಖಾನೆಗೆ ಪಟ್ಟಿ ಅಚ್ಚು ಹಾಕುವ ಈ ಯಂತ್ರ ಬಂದ ಮೇಲೆ ಅವರ ಕೆಲಸವೇ ನಿಧಾನವಾಯಿತೆಂದು ಅವರಿಗೆ ನೋಟೀಸು ಬಂದಿತ್ತು.

ಯಂತ್ರಕ್ಕೆ ಇರುವುದು ಒಂದೇ ಅಳತೆಯ ಅಕ್ಷರ. ಹಾಗೆನ್ನಲು ಬಂದಿದ್ದ ಕಂಪ್ಯೂಟರ್ ವಿಭಾಗದ ಚಿದಂಬರ, ಅವರ ಊದಿದ ಮೊಣಕಾಲು ಕಂಡು ತಾನೇ ಏಣಿ ಹತ್ತಿದ. ಕೈಯಲ್ಲಿ ಡಬ್ಬ, ಹಲ್ಲಿನಲ್ಲಿ ಪಟ್ಟಿ. ಮೊದಲ ಸಾಮಾನು ಒಂದನೇ ಕಪಾಟಿನಲ್ಲಿತ್ತು, ಎರಡನೆಯದು ಒಂಬತ್ತರಲ್ಲಿ. ಮೂರನೆಯದಕ್ಕೆ ಏಣಿಯನ್ನು ಮತ್ತೆ ಒಂದನೇ ಕಪಾಟಿಗೇ ಎಳೆದು ತಂದು ಹತ್ತಬೇಕಾಯಿತು.

ಅವನು ಅಲ್ಲೇ ನಿಂತುಬಿಟ್ಟ. “ಕಾಕಾ, ಅಕ್ಷರ ಹಂಗ ಇರ್ಲಿ. ಒಂದು ಕಪಾಟಿನ ಸಾಮಾನೆಲ್ಲಾ ಒಂದೇ ಕಡೆ ಬರೋಹಂಗ ಪಟ್ಟಿ ಮಾಡಿಕೊಡ್ತೀನ್ರಿ.”

ಕೆಳಗೆ ಏಣಿ ಹಿಡಿದಿದ್ದ ರೇವಣಪ್ಪ ತಲೆ ಎತ್ತಿದರು.

“ಹಂಗೂ ಕೇಳಬಹುದಿತ್ತೇನೋ, ತಮ್ಮಾ?”