ಇಪ್ಪತ್ತಮೂರನೆಯ ಉಲ್ಲೇಖ

ಮೈದಾ ಅಂಟಿನ ವಾಸನೆ ಮತ್ತೆ ಬಂತು. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಹುಳು ಹಿಡಿಯಬಾರದೆಂದು ಮೈದಾಕ್ಕೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸುತ್ತಿದ್ದರು. ಆ ವಾಸನೆಯಲ್ಲೇ ಅವಳು ಅಕ್ಷರ ಕಲಿತದ್ದು. ಈ ಬಾಡಿಗೆ ಕೋಣೆಯಲ್ಲಿ ಅಂಟೂ ಇಲ್ಲ, ಅಪ್ಪನೂ ಇಲ್ಲ. ಆದರೂ ಮೇಜಿನ ಮುಂದೆ ತಲೆ ಬಗ್ಗಿಸಿ ಕುಳಿತಾಗೆಲ್ಲ ಹೀಗಾಗುತ್ತಿತ್ತು. ದಣಿದರೆ ಮೂಗು ಕೂಡ ತವರಿಗೆ ಹೋಗುತ್ತದೆ ಎಂದುಕೊಂಡು ಅವಳು ಲ್ಯಾಪ್‌ಟಾಪಿನತ್ತ ತಿರುಗಿದಳು.

ಬೆಳಗಿನ ಹನ್ನೊಂದು. ಸಂಜೆ ಐದಕ್ಕೆ ಗಡುವು.

ಸೇತುವೆಯ ತೊಲೆಗಳಲ್ಲಿ ಬೀಳುವ ಬಿರುಕಿನ ಮೇಲೆ ಏಳು ವರ್ಷ ದುಡಿದು ಬರೆದ ಲೇಖನ. ಅದು ಸ್ವೀಕಾರವಾಗದೆ ಪಿಎಚ್‌ಡಿ ಪ್ರಬಂಧ ಸಲ್ಲಿಸುವಂತಿಲ್ಲ. ಈ ವರ್ಷ ದಾಟಿದರೆ ನೋಂದಣಿಯೇ ರದ್ದು. ಮೊದಲು ಕಳಿಸಿದ್ದ ಪತ್ರಿಕೆಗೆ ಉಲ್ಲೇಖಗಳಲ್ಲಿ ಇಸವಿ ಕೊನೆಗೆ ಬೇಕಿತ್ತು. ಈ ಪತ್ರಿಕೆಗೆ ಇಸವಿ ಮುಂದೆ, ಅದೂ ಬ್ರ್ಯಾಕೆಟ್ಟಿನೊಳಗೆ; ಸಂಪುಟ ದಪ್ಪಕ್ಷರದಲ್ಲಿ. ನಲವತ್ತೆಂಟು ಉಲ್ಲೇಖಗಳನ್ನು ಮೂರು ಸಲ ಅಡಿಮೇಲು ಮಾಡಿದ್ದಾಗಿತ್ತು. ಸೇತುವೆ ಬಿದ್ದರೂ ಬೀಳಲಿ, ಅಲ್ಪವಿರಾಮ ಬೀಳಬಾರದು ಎಂದು ಅವಳ ಗೈಡ್ ನಗುತ್ತಿದ್ದರು. ಅವಳಿಗೆ ನಗು ಬಂದೇ ಬಹಳ ದಿನವಾಗಿತ್ತು.

ಉಳಿದದ್ದು ಒಂದೇ, ಇಪ್ಪತ್ತಮೂರು. ಲೇಖನ ಪರಿಶೀಲಿಸಿದವರು ಅದರ ಎದುರು ಹೀಗೆ ಬರೆದಿದ್ದರು: 'ಪುಟ 217ರಲ್ಲಿ ಇರುವುದು ಬೇರೆ ಯಾರದೋ ಲೇಖನ. ಮೂಲವನ್ನು ನೀವು ನೋಡಿದಂತಿಲ್ಲ.'

ನೋಡಿರಲಿಲ್ಲ, ನಿಜ. ಮೂವತ್ತೈದು ವರ್ಷ ಹಳೆಯ ಲೇಖನ. ಲೇಖಕರದು ಎಂದು ಸಿಕ್ಕಿದ್ದು ಒಂದು ಅಡ್ಡಹೆಸರು, ಎರಡು ಇನಿಷಿಯಲ್. ಅವಳ ಲೆಕ್ಕವೆಲ್ಲ ನಿಂತಿದ್ದು ಅದರ ಸೂತ್ರದ ಮೇಲೆ. ಸೂತ್ರವನ್ನು ಇನ್ನೊಬ್ಬರ ಲೇಖನದಿಂದ ಎತ್ತಿಕೊಂಡಿದ್ದಳು, ಪುಟಸಂಖ್ಯೆಯನ್ನೂ ಜೊತೆಗೇ. ಅವರು ಮತ್ತೊಬ್ಬರಿಂದ ಎತ್ತಿಕೊಂಡಿದ್ದರು. ಈಗ ಹುಡುಕಿದರೆ ಹದಿನಾಲ್ಕು ಲೇಖನಗಳಲ್ಲಿ ಅದೇ 217. ಮುಂದಿನ ಕುರಿ ಹಳ್ಳಕ್ಕೆ ಬಿದ್ದರೆ ಮಂದೆಯೆಲ್ಲ ಬಿದ್ದ ಹಾಗೆ.

ಲೇಖನ ಕಳಿಸುವ ಮುನ್ನ ಗುರುತು ಹಾಕಬೇಕಾದ ಚೌಕವೊಂದಿತ್ತು: 'ಎಲ್ಲ ಮೂಲಗಳನ್ನೂ ಓದಿದ್ದೇನೆ.' ಹಾಕಿದರೆ ಯಾರೂ ಕೇಳುವುದಿಲ್ಲ. ಆದರೆ ಎಣಿಸದೆ ಒಂದು ಹಾಳೆಯನ್ನೂ ಹೊಲಿಯದ ಅಪ್ಪನ ಮಗಳು ಅವಳು. ಬೆರಳು ಏಳಲಿಲ್ಲ.

ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮಹಡಿಗೆ ಬಂದ ಮನೆಯೊಡತಿ ಬಾಗಿಲಲ್ಲಿ ನಿಂತರು. ಎಪ್ಪತ್ತು ದಾಟಿದ ಜೀವ, ಒಂಟಿ. ಎರಡು ವರ್ಷದಿಂದ ಅಮ್ಮ ಎಂದೇ ಕರೆಯುತ್ತಿದ್ದವಳಿಗೆ ಅವರ ಹೆಸರು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಗೇಟಿನ ಫಲಕದಲ್ಲಿ ಹೆಸರು ಬಿಸಿಲಿಗೆ ಮಾಸಿ, 'ಎಂಜಿನಿಯರ್' ಎಂಬುದಷ್ಟೇ ಉಳಿದಿತ್ತು. ತೀರಿಕೊಂಡ ಯಜಮಾನರ ಫಲಕ, ತೆಗೆಸಲು ಮನಸ್ಸಾಗದೇನೋ ಎಂದು ಅವಳು ಆ ಮಾತೆತ್ತಿರಲಿಲ್ಲ. ಒಲೆ ಬಹುಕಾಲ ಗಂಡನ ಕೈಯಲ್ಲೇ ಇತ್ತು, ತಮಗೆ ಅಡುಗೆ ಕಲಿಸಿದ್ದೂ ಅವರೇ ಎಂದು ಮನೆಯೊಡತಿ ಒಮ್ಮೆ ಹೇಳಿದ್ದರು. ಅಂಥ ಎಂಜಿನಿಯರೂ ಇರುತ್ತಾರಲ್ಲ ಎಂದು ಅವಳಿಗೆ ಅಚ್ಚರಿಯಾಗಿತ್ತು.

ಕೇಳದೆಯೇ ಕೊಡುವ ಕೈ ಅವರದು. ಅವಳು ಬಂದ ವಾರದಲ್ಲೇ ಮಂಕು ಬಲ್ಬು ಬದಲಾಯಿತು, ಕಿಟಕಿಗೆ ಪರದೆ ಬಂತು, ಕುಂಟುತ್ತಿದ್ದ ಮೇಜಿನ ಗಿಡ್ಡ ಕಾಲಿನಡಿ ಕ್ಯಾಲೆಂಡರ್ ಹಾಳೆ ಹೊದಿಸಿದ ದಪ್ಪ ಪುಸ್ತಕವೊಂದು ಸೇರಿತು, ಹಾಸಿಗೆಗೆ ಇನ್ನೊಂದು ದಿಂಬೂ ಬಂತು.

"ಏನ್ ಡಾಕ್ಟ್ರೇ, ಮುಖ ಬಾಡಿದೆ?" ಎಂದರು. ಪದವಿ ಬರುವ ಮೊದಲೇ ಹಾಗೆ ಕರೆದು ರೇಗಿಸುವುದು ಅವರ ರೂಢಿ.

ಅವಳು ಎಲ್ಲವನ್ನೂ ಹೇಳಿಕೊಂಡಳು. ಉಲ್ಲೇಖವೆಂದರೇನು, ಸಂಪುಟವೆಂದರೇನು, ಅವರಿಗೂ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದಳು. ಅವರು ಬಕೆಟ್ಟು ಕೆಳಗಿಟ್ಟು ತಾಳ್ಮೆಯಿಂದ ಕೇಳಿದರು.

"ಓದದೇ ಬರೆದುಬಿಟ್ಯಾ?"

"ಹದಿನಾಲ್ಕು ಜನಾನೂ ಹಾಗೇ ಮಾಡಿದಾರಮ್ಮ."

"ಹದಿನಾಲ್ಕು ಜನ," ಎಂದರು ಅವರು. ಅದರಲ್ಲಿ ಸಿಟ್ಟಿರಲಿಲ್ಲ; ಬಹಳ ದೂರ ನಡೆದು ಬಂದವರ ದನಿಯಿತ್ತು.

"ಅದನ್ನ ಬರೆದ ಪುಣ್ಯಾತ್ಮ ಬದುಕಿದ್ದಾನೋ ಇಲ್ವೋ. ಇದ್ದಿದ್ರೆ ಕಾಲು ಹಿಡ್ಕೊಂಡಾದ್ರೂ ಕೇಳ್ತಿದ್ದೆ."

"ಅಷ್ಟೆಲ್ಲ ಯಾಕೆ ಬಿಡು," ಎಂದು ಅವರು ಬಟ್ಟೆ ಹರವಲು ಹೋದರು.

ಅವಳು ಕಾಲೇಜಿನ ಗ್ರಂಥಾಲಯಕ್ಕೆ ಓಡಿದಳು. ಅದು ಅವಳು ತಡಕಿದ ನಾಲ್ಕನೆಯ ಗ್ರಂಥಾಲಯ; ಇಲ್ಲಿಗೆ ಬಂದದ್ದು ಇದು ಮೂರನೆಯ ಸಲ. ಗ್ರಂಥಪಾಲಕ ಅವಳನ್ನು ಕಂಡೇ ಕನ್ನಡಕ ತೆಗೆದಿಟ್ಟ. ಹಳೆಯ ಸಂಪುಟಗಳನ್ನೆಲ್ಲ ರದ್ದಿಗೆ ಹಾಕಿದ ವರ್ಷ ಅದೊಂದನ್ನು ಮಾತ್ರ ಯಾರೋ ನಿವೃತ್ತರು ಕೇಳಿ ಒಯ್ದಿದ್ದರು ಎಂದ. ಯಾರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನು ಕೆಲಸಕ್ಕೆ ಸೇರುವ ಮುಂಚಿನ ಮಾತು. ಅವಳ ಮುಖ ನೋಡಿ ತನ್ನ ನೀರಿನ ಬಾಟಲಿಯನ್ನೇ ಮುಂದೆ ಸರಿಸಿದ.

ಕೋಣೆಗೆ ಮರಳಿದಾಗ ಎರಡು ಗಂಟೆ. ಚಪ್ಪಲಿ ಬಿಡಲೂ ಮನಸ್ಸಾಗಲಿಲ್ಲ. ಚೌಕವನ್ನು ಖಾಲಿ ಬಿಟ್ಟು ಸಂಪಾದಕರಿಗೆ ಪತ್ರ ಬರೆಯತೊಡಗಿದಳು: 'ಈ ಲೇಖನವನ್ನು ಹಿಂಪಡೆಯಲು...'

ಮೇಜು ಕುಂಟಿತು.

ಅವಳು ಬಗ್ಗಿ ನೋಡಿದಳು. ಗಿಡ್ಡ ಕಾಲಿನಡಿ ಏನೂ ಇರಲಿಲ್ಲ. ಮೈದಾ ಅಂಟಿನ ವಾಸನೆ ಈಗ ಬಾಗಿಲ ಕಡೆಯಿಂದ ಬರುತ್ತಿತ್ತು.

ಮನೆಯೊಡತಿ ನಿಂತಿದ್ದರು. ಒಂದು ಕೈಯಲ್ಲಿ ಮುಚ್ಚಿದ ಊಟದ ತಟ್ಟೆ. ಕಂಕುಳಲ್ಲಿ ಕ್ಯಾಲೆಂಡರ್ ಹೊದಿಕೆ ಕಳಚಿದ ಸಂಪುಟ, ಅದರ ಬೆನ್ನ ಮೇಲೆ ಅವಳು ಒಂದು ತಿಂಗಳಿಂದ ಹುಡುಕುತ್ತಿದ್ದ ಸಂಖ್ಯೆ. ಸಂಪುಟವನ್ನು ಮೇಜಿನ ಮೇಲಿಟ್ಟು, ತಟ್ಟೆಯನ್ನು ಅವಳ ಕೈಗಿತ್ತರು.

"ಮೊದಲು ಉಣ್ಣು ಡಾಕ್ಟ್ರೇ, ಆಮೇಲೆ ಇನ್ನೂರ ಎಪ್ಪತ್ತೊಂದನೇ ಪುಟದಿಂದ ಓದು. ಕೊನೇ ಕೋಷ್ಟಕದಲ್ಲಿ ನಂದೊಂದು ತಪ್ಪಿದೆ, ಅದನ್ನ ಮಾತ್ರ ನಕಲು ಮಾಡ್ಬೇಡ."