ಡ್ರಾಯರಿನ ಮೂಲೆಯ ಚೀಟಿ

ಕ್ಷೌರಿಕ ಬಿಸಿನೀರು ತರಲು ಒಳಗೆ ಹೋದದ್ದೇ ತಡ, ಲೈಬ್ರರಿ ಸಾರ್ ಕುರ್ಚಿಯಿಂದ ಎದ್ದರು. ಗುಂಡಿ ಕಿತ್ತುಹೋದ ಅಂಗಿಯ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಸಮೇತ ಬಾಗಿ, ಕನ್ನಡಿಯ ಕೆಳಗಿನ ಡ್ರಾಯರ್ ಎಳೆದರು. ಅರವತ್ತೆಂಟು ವರ್ಷದ ಬಾಳಿನಲ್ಲಿ ಇದು ಅವರ ಮೊದಲ ಕಳ್ಳತನ.

ಅನುಮಾನ ಹುಟ್ಟಿ ಒಂದು ತಿಂಗಳಾಗಿತ್ತು. ಗಿರಾಕಿ ಕೂತೊಡನೆ ಕ್ಷೌರಿಕ ಬಾಚಣಿಗೆ ಹುಡುಕುವ ನೆಪದಲ್ಲಿ ಆ ಡ್ರಾಯರಿಗೆ ಇಣುಕಿ ಯಾವುದೋ ಚೀಟಿ ನೋಡುತ್ತಿದ್ದ. ಅವನ ಅಕ್ಕರೆಯ ವಿಚಾರಣೆಯೆಲ್ಲ ಆಮೇಲೆ. ಇವತ್ತೂ ಹಾಗೇ ಆಗಿತ್ತು.

"ಅಮ್ಮಾವ್ರ ಮಂಡಿನೋವು ಹೇಗಿದೆ ಸಾರ್?"

"ನೋವು ಅವಳ ಮಂಡಿಗೆ, ಬೈಗುಳ ನನಗೆ. ಮೆಟ್ಟಿಲು ಯಾಕಿಷ್ಟು ಎತ್ತರ ಕಟ್ಟಿಸಿದ್ರಿ ಅಂತ."

"ಸರಿಯಾಗೇ ಕೇಳ್ತಾರೆ ಬಿಡಿ." ನಗುವುದಕ್ಕೆಂದೇ ಅವನು ಕತ್ತರಿ ಕೆಳಗಿಟ್ಟಿದ್ದ.

ಕತ್ತರಿಸುವಷ್ಟು ಕೂದಲಿಲ್ಲದಿದ್ದರೂ ಅವರು ಹದಿನೈದು ದಿನಕ್ಕೊಮ್ಮೆ ಇಲ್ಲಿಗೆ ಬರುತ್ತಿದ್ದುದು ಈ ಎರಡು ಮಾತಿಗಾಗಿ. ಮನೆಯಲ್ಲಿ ಹೆಂಡತಿಯ ಸುದ್ದಿ ಎತ್ತಿದರೆ ಸಾಕು, ಮಗ ಸೊಸೆ ಮುಖ ಮುಖ ನೋಡಿಕೊಂಡು ಮಾತು ಬದಲಿಸುತ್ತಾರೆ. ಅವಳನ್ನು ವಿಚಾರಿಸುವವನು ಇವನೊಬ್ಬನೇ. ಅದೂ ಚೀಟಿ ನೋಡಿ ಒಪ್ಪಿಸುವ ಪಾಠವಾಗಿದ್ದರೆ? ಹಾಗಿದ್ದರೆ ಇನ್ನು ಈ ಅಂಗಡಿಯತ್ತ ತಲೆ ಹಾಕುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದ್ದರು.

ಡ್ರಾಯರಿನಲ್ಲಿ ರಟ್ಟಿನ ಡಬ್ಬ ಕತ್ತರಿಸಿ ಮಾಡಿದ ಚೀಟಿಗಳಿದ್ದವು. ಮೂವತ್ತು ವರ್ಷ ಪುಸ್ತಕದ ಕಾರ್ಡು ಜೋಡಿಸಿದ ಕಣ್ಣು ಮೊದಲು ವಿಂಗಡಣೆಯನ್ನೇ ನೋಡಿತು. ಅಕಾರಾದಿ ಕ್ರಮದ ಸುಳಿವೇ ಇಲ್ಲ. ರಬ್ಬರ್ ಬ್ಯಾಂಡ್ ಸುತ್ತಿದ ಎರಡು ಕಟ್ಟು: 'ಮಾತು ಬೇಕು', 'ಮಾತು ಬೇಡ'. ಬಸ್ ಡ್ರೈವರ್: ತಮ್ಮನ ವಿಷಯ ಎತ್ತಬಾರದು. ಔಷಧಿ ಅಂಗಡಿಯವರು: ನೆತ್ತಿ ನೋಡಿ ನಗಬಾರದು.

ಅಂದರೆ ಅಕ್ಕರೆಯೆಲ್ಲ ಬರೆದಿಟ್ಟುಕೊಂಡದ್ದೇ. ಅವರಿಗೆ ಅಳು ಬಂದಂತಾಯಿತು. ಈ ವಯಸ್ಸಿನಲ್ಲಿ ಇಂಥದ್ದಕ್ಕೆ ಅಳುವುದೇ ಎಂದು ನಾಚಿಕೆಯೂ ಆಯಿತು.

ಎರಡು ಕಟ್ಟಿನಲ್ಲೂ ಅವರ ಚೀಟಿ ಇರಲಿಲ್ಲ. ಅದು ಮೂಲೆಯಲ್ಲಿ ಒಂದೇ ಒಂದು ಬೇರೆಯಾಗಿ ಬಿದ್ದಿತ್ತು. ತೆಗೆದು ಇಟ್ಟು, ತೆಗೆದು ಇಟ್ಟು ಅಂಚು ಸವೆದಿತ್ತು. ಒಳಗೆ ನಲ್ಲಿ ನಿಂತ ಸದ್ದು ಕೇಳಿಸಿತು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು.

'ಲೈಬ್ರರಿ ಸಾರ್: ಮಂಡಿನೋವು ಪ್ರತಿ ಸಲ ಕೇಳಬೇಕು. ಅವಸರ ಮಾಡಬಾರದು. ಅಮ್ಮಾವ್ರು ತೀರಿಕೊಂಡಿದ್ದು ನಮಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾಗಬಾರದು.'